ಕೋರ್ಟ್ ತೀರ್ಪು ನೀವೇ ಹುಡುಕಿ: ಹಂತ ಹಂತವಾಗಿ

‘ಹೆಣ್ಣುಮಕ್ಕಳಿಗೂ ಸಮಪಾಲು ಅಂತ ಸುಪ್ರೀಂ ಕೋರ್ಟೇ ಹೇಳಿದೆಯಂತೆ’ ಎಂದು ಒಬ್ಬರು. ‘ಅಪ್ಪ 2005ಕ್ಕೆ ಮೊದಲೇ ತೀರಿಕೊಂಡಿದ್ದರೆ ಏನೂ ಸಿಗಲ್ಲ ಬಿಡಿ’ ಎಂದು ಇನ್ನೊಬ್ಬರು. ಇಬ್ಬರೂ ವಾಟ್ಸ್‌ಆ್ಯಪ್‌ನಲ್ಲಿ ಓದಿದ್ದನ್ನೇ ಹೇಳುತ್ತಿರುತ್ತಾರೆ. ಯಾರ ಮಾತು ಸರಿ ಎಂದು ತಿಳಿಯಲು ಈಗ ವಕೀಲರ ಕಚೇರಿಯ ದಪ್ಪ ಸಂಪುಟಗಳೇ ಬೇಕೆಂದಿಲ್ಲ. ಸುಶಾಂತ್ ಸಿನ್ಹಾ ಎಂಬ ಕಂಪ್ಯೂಟರ್ ಎಂಜಿನಿಯರ್ 2008ರಲ್ಲಿ ಆರಂಭಿಸಿದ ‘ಇಂಡಿಯನ್ ಕಾನೂನ್’ ಜಾಲತಾಣದಲ್ಲಿ ಸುಪ್ರೀಂ ಕೋರ್ಟ್, ಹೈಕೋರ್ಟ್‌ಗಳು ಮತ್ತು ಹಲವು ನ್ಯಾಯಮಂಡಳಿಗಳ ತೀರ್ಪುಗಳನ್ನು ಪುಕ್ಕಟೆ ಓದಬಹುದು. ದುಡ್ಡು ಕೊಟ್ಟು ಪಡೆಯುವ ಸೌಲಭ್ಯಗಳೂ ಅಲ್ಲಿವೆ. ಹೊಸಬರಿಗೆ ಅವು ಬೇಕಿಲ್ಲ. ಮೇಲಿನ ಆಸ್ತಿ ಪ್ರಶ್ನೆಯನ್ನೇ ಹಿಡಿದು ಹುಡುಕೋಣ.

ಹಂತ 1: ಪ್ರಶ್ನೆಯನ್ನು ಹಾಳೆಯ ಮೇಲೆ ಬರೆಯಿರಿ

‘ನಮಗೆ ಅನ್ಯಾಯವಾಗಿದೆ’ ಎಂಬುದನ್ನು ಹುಡುಕಲಾಗದು. ‘ತಂದೆ 1998ರಲ್ಲಿ ತೀರಿಕೊಂಡರು, ಜಮೀನು ಅಜ್ಜನ ಕಾಲದ್ದು, ನೋಂದಣಿಯಾದ ಪಾಲುಪಾರೀಕತ್ತು ಇಲ್ಲ, ಮಗಳಿಗೆ ಪಾಲುಂಟೆ?’ ಎಂದು ಬರೆದರೆ ಹುಡುಕಬಹುದು. ಇಸವಿ, ಆಸ್ತಿ ಪಿತ್ರಾರ್ಜಿತವೋ ಸ್ವಯಾರ್ಜಿತವೋ ಎಂಬುದು, ಕೈಯಲ್ಲಿರುವ ಕಾಗದಪತ್ರ, ಇವಿಷ್ಟೂ ಆ ಸಾಲಿನಲ್ಲಿ ಇರಲೇಬೇಕು.

ಹಂತ 2: ಮೊದಲು ಕಾಯ್ದೆ, ಆಮೇಲೆ ತೀರ್ಪು

ನೇರವಾಗಿ ತೀರ್ಪಿಗೆ ಕೈಹಾಕುವವರೇ ಹೆಚ್ಚು. ಕಾಯ್ದೆ ಓದದೆ ತೀರ್ಪು ಓದಿದರೆ ವಾದ ಯಾವುದರ ಸುತ್ತ ನಡೆದಿದೆ ಎಂಬುದೇ ತಿಳಿಯುವುದಿಲ್ಲ. ಕೇಂದ್ರ ಸರ್ಕಾರದ ‘ಇಂಡಿಯಾ ಕೋಡ್’ ತಾಣಕ್ಕೆ ಹೋಗಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಸೆಕ್ಷನ್ 6 ತೆರೆಯಿರಿ. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ತಿದ್ದುಪಡಿ, ಮಗಳನ್ನೂ ಮಗನಂತೆಯೇ ಹುಟ್ಟಿನಿಂದ ಕೋಪಾರ್ಸನರ್ ಎಂದು, ಅಂದರೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಹಕ್ಕುಳ್ಳವಳೆಂದು ಹೇಳುತ್ತದೆ. 2004ರ ಡಿಸೆಂಬರ್ 20ಕ್ಕೆ ಮೊದಲೇ ಆಗಿಹೋದ ಮಾರಾಟ, ವಿಭಾಗಗಳನ್ನು ಅದು ಮುಟ್ಟುವುದಿಲ್ಲ. ಈ ಎರಡು ದಿನಾಂಕಗಳನ್ನು ಹಾಳೆಗೆ ಸೇರಿಸಿ. (ಕರ್ನಾಟಕ 1994ರಲ್ಲೇ ತನ್ನದೊಂದು ತಿದ್ದುಪಡಿ ತಂದಿತ್ತು. ಆದರೆ ಅಷ್ಟರೊಳಗೆ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಹೊರಗಿಟ್ಟಿತ್ತು.)

ಹಂತ 3: ಹುಡುಕಿ

ಈಗ ‘ಇಂಡಿಯನ್ ಕಾನೂನ್’ ತಾಣಕ್ಕೆ ಬನ್ನಿ. ತೀರ್ಪುಗಳು ಬಹುಪಾಲು ಇಂಗ್ಲಿಷಿನಲ್ಲೇ ಇರುವುದರಿಂದ ಹುಡುಕುವ ಪದಗಳನ್ನೂ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪಿಸಬೇಕು. ಇಡೀ ಪ್ರಶ್ನೆಯನ್ನು ತುರುಕಬೇಡಿ. ‘ಡಾಟರ್’, ‘ಕೋಪಾರ್ಸನರ್’, ‘ಹಿಂದೂ ಸಕ್ಸೆಶನ್ ಆ್ಯಕ್ಟ್’ ಸಾಕು. ಎರಡು ಮೂರು ಪದಗಳು ಇದ್ದ ಹಾಗೇ ಒಟ್ಟಿಗೆ ಬರಬೇಕೆಂದಿದ್ದರೆ ಉದ್ಧರಣ ಚಿಹ್ನೆಯೊಳಗೆ ಹಾಕಿ. ಎರಡು ಪದವೂ ಇರಲೇಬೇಕೆಂದರೆ ನಡುವೆ ದೊಡ್ಡಕ್ಷರದಲ್ಲಿ ‘ಆ್ಯಂಡ್’ ಬರೆಯಬೇಕು, ಕೊನೆಯಲ್ಲಿ ಒಂದರ ಬದಲು ಎರಡು ‘ಡಿ’ ಹಾಕಿ. ‘ಆರ್’ಗೆ ಎರಡು ‘ಆರ್’, ‘ನಾಟ್’ಗೆ ಎರಡು ‘ಟಿ’. ಕಾಗುಣಿತ ತಪ್ಪಿದಂತೆ ಕಂಡರೂ ಈ ತಾಣದ ಪದ್ಧತಿಯೇ ಅದು.

ಫಲಿತಾಂಶ ರಾಶಿಗಟ್ಟಲೆ ಬರುತ್ತದೆ. ನ್ಯಾಯಾಲಯ, ಇಸವಿ ಆಯ್ದು ಜರಡಿ ಹಿಡಿಯಿರಿ. ಮೊದಲು ಸುಪ್ರೀಂ ಕೋರ್ಟ್, ಆಮೇಲೆ ಕರ್ನಾಟಕ ಹೈಕೋರ್ಟ್. ಸಂವಿಧಾನದ 141ನೇ ವಿಧಿಯ ಪ್ರಕಾರ ಸುಪ್ರೀಂ ಕೋರ್ಟ್ ಸಾರಿದ ಕಾನೂನು ದೇಶದ ಎಲ್ಲ ಕೋರ್ಟುಗಳಿಗೂ ಕಡ್ಡಾಯ. ಬೇರೆ ರಾಜ್ಯದ ಹೈಕೋರ್ಟ್ ಹೇಳಿದ್ದಕ್ಕೆ ನಮ್ಮಲ್ಲಿ ಅಷ್ಟು ಬಲವಿಲ್ಲ.

ಹಂತ 4: ತಲೆಭಾಗ ನೋಡಿ, ಆಮೇಲೆ ಓದಿ

ತೀರ್ಪು ತೆರೆದ ಕೂಡಲೇ ಯಾವ ಕೋರ್ಟ್, ಯಾವ ದಿನಾಂಕ, ಪೀಠದಲ್ಲಿ ಎಷ್ಟು ಜನ ನ್ಯಾಯಮೂರ್ತಿಗಳು ಎಂದು ಗುರುತು ಹಾಕಿಕೊಳ್ಳಿ. ಆಮೇಲೆ ಓದುವಾಗ ಒಂದು ಎಚ್ಚರ: ತೀರ್ಪಿನ ಮೊದಲರ್ಧದಲ್ಲಿ ಎರಡೂ ಕಡೆಯ ವಕೀಲರ ವಾದಗಳನ್ನು ನ್ಯಾಯಾಲಯವೇ ವಿವರವಾಗಿ ಬರೆದಿರುತ್ತದೆ. ಸೋತವರ ವಾದವನ್ನೇ ‘ಸುಪ್ರೀಂ ಕೋರ್ಟ್ ಹೇಳಿದ್ದು’ ಎಂದು ಹಂಚುವ ಸಂದೇಶಗಳಿಗೆ ಲೆಕ್ಕವಿಲ್ಲ. ‘ಕೌನ್ಸೆಲ್ ಸಬ್‌ಮಿಟ್ಸ್’, ‘ಇಟ್ ವಾಸ್ ಆರ್ಗ್ಯೂಡ್’ ಎಂದು ಶುರುವಾದರೆ ಅದು ವಕೀಲರ ಮಾತು. ‘ವಿ ಹೋಲ್ಡ್’, ‘ಇನ್ ಅವರ್ ವ್ಯೂ’ ಎಂಬಲ್ಲಿಂದ ನ್ಯಾಯಮೂರ್ತಿಗಳದ್ದು.

ಹಂತ 5: ತೀರ್ಪು ಇನ್ನೂ ಊರ್ಜಿತದಲ್ಲಿದೆಯೇ?

ಉಳಿದದ್ದೆಲ್ಲ ಬಿಟ್ಟರೂ ಈ ಹಂತವನ್ನು ಬಿಡಬೇಡಿ. ನಮ್ಮ ಹುಡುಕಾಟದಲ್ಲಿ ‘ಪ್ರಕಾಶ್ ವರ್ಸಸ್ ಫೂಲವತಿ’ ಎಂಬ 2015ರ ಅಕ್ಟೋಬರ್ 16ರ ತೀರ್ಪು ಸಿಕ್ಕಿತು ಎನ್ನಿ. ತಿದ್ದುಪಡಿ ಜಾರಿಗೆ ಬಂದ ದಿನ ತಂದೆಯೂ ಮಗಳೂ ಬದುಕಿದ್ದರೆ ಮಾತ್ರ ಹೊಸ ಹಕ್ಕು ಎಂದು ಅದು ಹೇಳುತ್ತದೆ. ಸುಪ್ರೀಂ ಕೋರ್ಟಿನದೇ ತೀರ್ಪು, ಮಾತೂ ಸ್ಪಷ್ಟ. ಅಲ್ಲಿಗೇ ಕಂಪ್ಯೂಟರ್ ಮುಚ್ಚಿದರೆ 1998ರಲ್ಲಿ ತಂದೆಯನ್ನು ಕಳೆದುಕೊಂಡ ಮಗಳಿಗೆ ‘ನಿನಗೇನೂ ಇಲ್ಲಮ್ಮ’ ಎಂದು ಹೇಳಿಬಿಡುತ್ತೀರಿ.

ಮುಚ್ಚುವ ಮುನ್ನ ‘ಸೈಟೆಡ್ ಬೈ’ ಎಂಬ ಕೊಂಡಿ ಒತ್ತಿ. ಈ ತೀರ್ಪನ್ನು ಮುಂದೆ ಯಾವ್ಯಾವ ತೀರ್ಪುಗಳು ಉಲ್ಲೇಖಿಸಿವೆ ಎಂಬ ಪಟ್ಟಿ ಬರುತ್ತದೆ. ಅದರಲ್ಲಿ ಸುಪ್ರೀಂ ಕೋರ್ಟಿನವನ್ನು ಇಸವಿಯ ಅನುಕ್ರಮದಲ್ಲಿ ನೋಡುತ್ತ ಹೋಗಿ. 2018ರ ಫೆಬ್ರುವರಿ 1ರ ‘ದಾನಮ್ಮ ವರ್ಸಸ್ ಅಮರ್’ ಸಿಗುತ್ತದೆ. ಅಲ್ಲಿ ತಂದೆ ತೀರಿಕೊಂಡದ್ದು 2001ರಲ್ಲಿ, ಆದರೂ ಹೆಣ್ಣುಮಕ್ಕಳಿಗೆ ಪಾಲು ದಕ್ಕಿತು. ಎರಡೂ ಕರ್ನಾಟಕದಿಂದಲೇ ಹೋದ ಮೇಲ್ಮನವಿಗಳು, ಎರಡೂ ದ್ವಿಸದಸ್ಯ ಪೀಠಗಳ ತೀರ್ಪು, ಒಂದಕ್ಕೊಂದು ತಾಳೆಯಾಗುತ್ತಿರಲಿಲ್ಲ. ಈ ಗೊಂದಲ ತ್ರಿಸದಸ್ಯ ಪೀಠಕ್ಕೆ ಹೋಗಿ, 2020ರ ಆಗಸ್ಟ್ 11ರಂದು ‘ವಿನೀತಾ ಶರ್ಮಾ ವರ್ಸಸ್ ರಾಕೇಶ್ ಶರ್ಮಾ’ ತೀರ್ಪು ಬಂತು. ಹಕ್ಕು ಹುಟ್ಟಿನಿಂದಲೇ ಬರುವುದರಿಂದ 2005ರಲ್ಲಿ ತಂದೆ ಬದುಕಿರಬೇಕಿಲ್ಲ ಎಂದು ಅದು ತೀರ್ಮಾನಿಸಿತು. ಫೂಲವತಿ ತೀರ್ಪನ್ನು ತಳ್ಳಿಹಾಕಿತು, ದಾನಮ್ಮ ತೀರ್ಪಿನಲ್ಲಿ ತನಗೆ ಹೊಂದದ ಭಾಗವನ್ನೂ ಕೈಬಿಟ್ಟಿತು.

ಆ ತೀರ್ಪು ಉದ್ದವಿದೆ. ಅವಸರವಿದ್ದರೆ 129ನೇ ಪ್ಯಾರಾಗೆ ಹೋಗಿ, ನಿರ್ಣಯಗಳೆಲ್ಲ ಅಲ್ಲಿವೆ. ಬಾಯಿಮಾತಿನ ಪಾಲಿನ ವಿಚಾರವೂ ಅಲ್ಲೇ ಇದೆ: ‘ಆಗಲೇ ಪಾಲಾಗಿತ್ತು’ ಎಂಬ ಬಾಯಿಮಾತನ್ನು ಸುಲಭಕ್ಕೆ ಒಪ್ಪಬಾರದು, ಸರ್ಕಾರಿ ದಾಖಲೆಗಳ ಬೆಂಬಲವಿರುವ ಅಪರೂಪದ ಪ್ರಕರಣದಲ್ಲಿ ಮಾತ್ರ ಒಪ್ಪಬಹುದು. ನಮ್ಮ ಹಳ್ಳಿಗಳ ಅರ್ಧ ಜಗಳ ಇಲ್ಲೇ ಇದೆ.

ಇದಾದ ಮೇಲೆ ವಿನೀತಾ ಶರ್ಮಾ ತೀರ್ಪಿನ ‘ಸೈಟೆಡ್ ಬೈ’ ಪಟ್ಟಿಯನ್ನೂ ತೆರೆದು, ಕರ್ನಾಟಕ ಹೈಕೋರ್ಟ್ ಅದನ್ನು ಹೇಗೆ ಅನ್ವಯಿಸುತ್ತಿದೆ ಎಂದು ಕಣ್ಣಾಡಿಸಿ. ನಿಮ್ಮ ಸಂಗತಿಗೆ ಹತ್ತಿರದ ಪ್ರಕರಣ ಸಿಗುವುದು ಹೆಚ್ಚಾಗಿ ಅಲ್ಲಿ.

ಹಂತ 6: ಅಧಿಕೃತ ಪ್ರತಿ ತೆಗೆದುಕೊಳ್ಳಿ

‘ಇಂಡಿಯನ್ ಕಾನೂನ್’ ಖಾಸಗಿ ತಾಣ, ಅಲ್ಲಿನ ಪ್ರತಿ ಅಧಿಕೃತವಲ್ಲ. ಸುಪ್ರೀಂ ಕೋರ್ಟ್ ತನ್ನ ತೀರ್ಪುಗಳ ಅಧಿಕೃತ ವರದಿಗಳನ್ನು 2023ರ ಜನವರಿಯಿಂದ ‘ಇ-ಎಸ್‌ಸಿಆರ್’ ತಾಣದಲ್ಲಿ ಉಚಿತವಾಗಿ ಇಟ್ಟಿದೆ. ಕೆಲವು ತೀರ್ಪುಗಳ ಕನ್ನಡ ಅನುವಾದವೂ ಅಲ್ಲಿದೆ. ಅನುವಾದ ತಿಳಿವಳಿಕೆಗೆ ಮಾತ್ರ, ವಾದಕ್ಕೆ ಇಂಗ್ಲಿಷ್ ಪಾಠವೇ ಪ್ರಮಾಣ. ನಿಮ್ಮ ತಾಲ್ಲೂಕು ಕೋರ್ಟಿನ ದಾವೆ ಎಲ್ಲಿಗೆ ಬಂದಿದೆ ಎಂದು ನೋಡಲು ‘ಇ-ಕೋರ್ಟ್ಸ್’ ತಾಣ ಬೇರೆಯೇ ಇದೆ, ಹದಿನಾರು ಅಂಕಿ-ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಕೊಟ್ಟರಾಯಿತು.

ಎಐ ಚಾಟ್‌ಬಾಟ್ ಕೇಳಿ ತೀರ್ಪಿನ ಹೆಸರು ಪಡೆದಿದ್ದರೆ ಮೊದಲು ಈ ತಾಣಗಳಲ್ಲಿ ಹಾಕಿ ನೋಡಿ. ಹುಟ್ಟೇ ಇಲ್ಲದ ತೀರ್ಪುಗಳನ್ನು ಚಾಟ್‌ಬಾಟ್‌ಗಳು ಸರಾಗವಾಗಿ ಹೇಳುತ್ತವೆ. ಎಲ್ಲಿಯೂ ಸಿಗಲಿಲ್ಲವೆಂದರೆ ಅದನ್ನು ನಂಬಬೇಡಿ.

ಇಷ್ಟಾದ ಮೇಲೆ ವಕೀಲರ ಬಳಿ ಹೋಗಿ. ತೀರ್ಪಿನ ಹೆಸರು, ದಿನಾಂಕ, ಪ್ಯಾರಾ ಸಂಖ್ಯೆ ಬರೆದ ಹಾಳೆಯ ಜೊತೆಗೆ ಪಹಣಿ, ವಂಶವೃಕ್ಷ, ತಂದೆಯ ಮರಣ ಪ್ರಮಾಣಪತ್ರವನ್ನೂ ಒಯ್ಯಿರಿ. ದಾವೆ ನಿಲ್ಲುವುದು ಈ ಕಾಗದಗಳ ಮೇಲೆ, ಅವು ತೀರ್ಪುಗಳ ಡೇಟಾಬೇಸಿನಲ್ಲಿ ಸಿಗುವುದಿಲ್ಲ.