ನಡಿಗೆಗೂ ಒಂದು ಲೆಕ್ಕದ ಪುಸ್ತಕ



ಸಂಘದಲ್ಲಿ ಹತ್ತು ರೂಪಾಯಿ ಉಳಿತಾಯ ಕಟ್ಟಿದರೂ ಪಾಸ್‌ಪುಸ್ತಕದಲ್ಲಿ ಬರೆಸುತ್ತೇವೆ. ಬರೆಯದಿದ್ದರೆ ವರ್ಷದ ಕೊನೆಗೆ ಎಷ್ಟು ಬೆಳೆಯಿತು ಅಂತ ಹೇಳೋಕೆ ಆಗೋದಿಲ್ಲ. ಕಾಲಿನ ಶಕ್ತಿ ಕುಂದಿದವರ ನಡಿಗೆಗೂ ಇಂಥದ್ದೇ ಒಂದು ಲೆಕ್ಕ ಬೇಕು. ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂ.ಎಸ್. ಎಂಬ ಕಾಯಿಲೆ ಇರುವವರು ನಡಿಗೆಯ ಗುರಿಯನ್ನು ಹೇಗೆ ಇಟ್ಟುಕೊಳ್ಳಬೇಕು, ಹೇಗೆ ಅಳೆಯಬೇಕು ಎಂಬುದನ್ನು ಈ ಪಾಠದಲ್ಲಿ ತಿಳಿಯೋಣ.

ಎಂ.ಎಸ್. ಅಂದರೆ ಏನು?

ಕರೆಂಟ್ ವೈರಿನ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವಂತೆ ನರಗಳ ಮೇಲೂ ಒಂದು ಹೊದಿಕೆ ಇದೆ. ನಮ್ಮನ್ನು ಕಾಪಾಡಬೇಕಾದ ದೇಹದ ರಕ್ಷಣಾ ಶಕ್ತಿಯೇ ದಾರಿ ತಪ್ಪಿ, ಮೆದುಳು ಮತ್ತು ಬೆನ್ನುಹುರಿಯಲ್ಲಿರುವ ಈ ಹೊದಿಕೆಯನ್ನು ಹಾಳು ಮಾಡುತ್ತದೆ. ಆಗ ಮೆದುಳಿನ ಸಂದೇಶ ಕಾಲಿಗೆ ಸರಿಯಾಗಿ ತಲುಪುವುದಿಲ್ಲ. ಕಾಲು ಬಿಗಿಯುತ್ತದೆ, ನಡೆಯುವಾಗ ತೂಕ ತಪ್ಪುತ್ತದೆ, ಬೇಗ ಸುಸ್ತಾಗುತ್ತದೆ. ಕೆಲವರಿಗೆ ಕಣ್ಣು ಮಂಜಾಗುತ್ತದೆ.

ಇದು ಹೆಚ್ಚಾಗಿ 20ರಿಂದ 40 ವರ್ಷದೊಳಗೆ ಶುರುವಾಗುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಇದು ಅಂಟುರೋಗ ಅಲ್ಲ, ಮಾಟ ಮಂತ್ರವೂ ಅಲ್ಲ. ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ. ಆದರೆ ಕಾಯಿಲೆ ಮರುಕಳಿಸುವುದನ್ನು ಕಡಿಮೆ ಮಾಡುವ ಔಷಧಿಗಳಿವೆ. ಫಿಸಿಯೋಥೆರಪಿಯಿಂದ ನಡಿಗೆಯನ್ನು ಸುಧಾರಿಸಬಹುದು, ಇದ್ದದ್ದನ್ನು ಉಳಿಸಿಕೊಳ್ಳಬಹುದು.

ಮೈ ಬಿಸಿಯಾದರೆ ಎಂ.ಎಸ್. ತೊಂದರೆ ಜಾಸ್ತಿಯಾಗುತ್ತದೆ. ಬೆಳಿಗ್ಗೆ ನೀರು ತಂದವಳಿಗೆ ಮಧ್ಯಾಹ್ನದ ಬಿಸಿಲಿನಲ್ಲಿ ಕಾಲು ಎತ್ತಿಡಲು ಆಗೋದಿಲ್ಲ. "ಬೆಳಿಗ್ಗೆ ಚೆನ್ನಾಗಿದ್ದಳಲ್ಲ, ಈಗ ನಾಟಕ" ಅನ್ನುವವರಿದ್ದಾರೆ. ಈ ಮಾತಿಗೆ ಹೆದರಿಯೇ ಎಷ್ಟೋ ಜನ ಮನೆಯಿಂದ ಹೊರಗೆ ಬರುವುದನ್ನು ಬಿಡುತ್ತಾರೆ. ಬರೆದಿಟ್ಟ ಲೆಕ್ಕ ಇದ್ದರೆ ಇಂಥ ಮಾತಿಗೆ ಉತ್ತರ ಸಿಗುತ್ತದೆ.

ಗುರಿ ಯಾರದ್ದು?

"ಚೆನ್ನಾಗಿ ನಡೆಯಬೇಕು" ಅನ್ನುವುದು ಆಸೆ. ಎಲ್ಲಿಗೆ, ಎಷ್ಟು ದೂರ, ಯಾವ ಆಸರೆ ಹಿಡಿದು, ಎಷ್ಟು ದಿನದೊಳಗೆ ಅಂತ ಹೇಳಿದರೆ ಅದು ಗುರಿ. ಅತ್ತೆಗೆ ಸೊಸೆ ಅಡುಗೆಮನೆಯಲ್ಲಿ ನಿಂತರೆ ಸಾಕು. ಫಿಸಿಯೋಥೆರಪಿಸ್ಟ್‌ಗೆ 100 ಮೀಟರ್ ನಡೆಯಬೇಕು. ಅವಳಿಗೆ ಮಾತ್ರ ಸಂಘದ ಸಭೆಗೆ ಬರಬೇಕು. ಮೊದಲು ಅವಳನ್ನೇ ಕೇಳಿ. ತನ್ನದೇ ಗುರಿಯಾದರೆ ದಿನಾ ವ್ಯಾಯಾಮ ಮಾಡಲು ಮನಸ್ಸು ಬರುತ್ತದೆ.

ಐದು ಮೆಟ್ಟಿಲ ಅಳತೆ

1968ರಲ್ಲಿ ಅಮೆರಿಕದ ಕಿರೆಸುಕ್ ಮತ್ತು ಶೆರ್ಮನ್ ಎಂಬವರು ಮಾನಸಿಕ ಆರೋಗ್ಯ ಸೇವೆಗಾಗಿ ಐದು ಮೆಟ್ಟಿಲ ಅಳತೆಯೊಂದನ್ನು ಮಾಡಿದರು. ಇಂದು ಪುನರ್ವಸತಿ ಕೆಲಸದಲ್ಲೂ ಅದನ್ನು ಬಳಸುತ್ತಾರೆ. ಸೊನ್ನೆ ಎಂದರೆ ನಾವು ಇಟ್ಟುಕೊಂಡ ಗುರಿ. ಉದಾಹರಣೆಗೆ, ಸಭೆಯ ಜಾಗ ಮನೆಯಿಂದ 150 ಮೀಟರ್ ಇದೆ ಎಂದುಕೊಳ್ಳಿ. ಮೂರು ತಿಂಗಳ ಗುರಿ ಹೀಗಿರಬಹುದು:

ಮೈನಸ್ 2: ಅಂಗಳ ದಾಟಲೂ ಆಗದಿರುವುದು.
ಮೈನಸ್ 1: ಮಗಳ ಕೈ ಹಿಡಿದು ಅರ್ಧ ದಾರಿ ನಡೆಯುವುದು (ಈಗಿನ ಸ್ಥಿತಿ).
ಸೊನ್ನೆ: ಕೋಲು ಹಿಡಿದು, ದಾರಿಯಲ್ಲಿ ಒಮ್ಮೆ ಕೂತು ಸಭೆಗೆ ತಲುಪುವುದು.
ಪ್ಲಸ್ 1: ಎಲ್ಲೂ ಕೂರದೆ ತಲುಪುವುದು.
ಪ್ಲಸ್ 2: ಸಭೆ ಮುಗಿಸಿ ವಾಪಸ್ಸೂ ನಡೆದೇ ಬರುವುದು.

ಮೂರು ತಿಂಗಳಾದ ಮೇಲೆ ಯಾವ ಮೆಟ್ಟಿಲಲ್ಲಿದ್ದಾಳೆ ಅಂತ ಒಟ್ಟಿಗೆ ಕೂತು ನೋಡಿ. ಮೈನಸ್ 1ರಲ್ಲೇ ಇದ್ದರೆ ಸೋತಳು ಅಂತ ಅಲ್ಲ. ಎಂ.ಎಸ್.ನಲ್ಲಿ ಇದ್ದ ಶಕ್ತಿ ಉಳಿಯುವುದೂ ಲಾಭವೇ. ಗುರಿ ದೊಡ್ಡದಾಯಿತೇ, ನಡುವೆ ಜ್ವರ ಬಂತೇ ಎಂದು ವಿಚಾರಿಸಿ, ಗುರಿಯನ್ನು ತಿದ್ದಿ ಬರೆಯಿರಿ. ನಡಿಗೆಯೇ ಕಷ್ಟವಾದರೆ ಗಾಲಿಕುರ್ಚಿಯಲ್ಲಿ ಸಭೆಗೆ ಬರುವುದೂ ಒಳ್ಳೆಯ ಗುರಿಯೇ. ಓಡಾಟ ಅಂದರೆ ಬರೀ ಕಾಲ್ನಡಿಗೆ ಅಲ್ಲ.

ಟೈಲರ್ ಟೇಪಿನಿಂದ ಎರಡು ಅಳತೆ

ಇವನ್ನು ಮೊದಲು ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತು, ಆಮೇಲೆ ಮನೆಯಲ್ಲಿ ಮಾಡಿ.

1. 25 ಅಡಿ ನಡಿಗೆ: ಟೈಲರ್ ಟೇಪು 60 ಇಂಚು, ಅಂದರೆ 5 ಅಡಿ. ಐದು ಸಲ ಇಟ್ಟರೆ 25 ಅಡಿ. ಎರಡೂ ತುದಿಗೆ ಸೀಮೆಸುಣ್ಣದ ಗೆರೆ ಹಾಕಿ. ಬೇಗ ಬೇಗ, ಆದರೆ ಬೀಳದಂತೆ ನಡೆಯಲಿ. ಮೊಬೈಲಿನಲ್ಲಿ ಸೆಕೆಂಡು ನೋಡಿ. ಎರಡು ಸಲ ಮಾಡಿ ಸರಾಸರಿ ಬರೆಯಿರಿ. ಸ್ವಲ್ಪ ಹೆಚ್ಚು ಕಡಿಮೆ ಆಗುವುದು ಸಹಜ. ನೂರಕ್ಕೆ ಇಪ್ಪತ್ತರಷ್ಟು, ಅಂದರೆ 10 ಸೆಕೆಂಡು ಇದ್ದದ್ದು 12 ಆದರೆ, ಡಾಕ್ಟರಿಗೆ ತಿಳಿಸಿ.

2. ಕುರ್ಚಿಯಿಂದ ಎದ್ದು ಬರುವುದು: ಕುರ್ಚಿಯಿಂದ ಎರಡು ಟೇಪಿನ ದೂರಕ್ಕೆ, ಅಂದರೆ ಸುಮಾರು 3 ಮೀಟರ್‌ಗೆ, ಗೆರೆ ಹಾಕಿ. ಕುರ್ಚಿಯಿಂದ ಎದ್ದು, ಗೆರೆಯವರೆಗೆ ನಡೆದು, ತಿರುಗಿ ಬಂದು ಕೂರಲು ಎಷ್ಟು ಸೆಕೆಂಡು ಅಂತ ಬರೆಯಿರಿ. ಏಳುವಾಗ, ತಿರುಗುವಾಗ ತೂಕ ತಪ್ಪುತ್ತದೆಯೇ ಅಂತ ಇದರಲ್ಲಿ ಗೊತ್ತಾಗುತ್ತದೆ.

ನೆನಪಿಡಿ:
• ಪಕ್ಕದಲ್ಲಿ ಒಬ್ಬರು ಇರಲೇಬೇಕು. ನೆಲ ಸಮವಾಗಿ, ಒಣಗಿರಲಿ.
• ಪ್ರತಿ ಸಲವೂ ಅದೇ ಹೊತ್ತು, ಅದೇ ಚಪ್ಪಲಿ, ಅದೇ ಕೋಲು ಇರಲಿ. ಬೆಳಿಗ್ಗೆಯ ಅಳತೆಯನ್ನು ಮಧ್ಯಾಹ್ನದ್ದಕ್ಕೆ ಹೋಲಿಸಬೇಡಿ.
• ತಿಂಗಳಿಗೆ ಒಂದು ಸಲ ಸಾಕು. ಜ್ವರ ಇದ್ದ ದಿನ ಬೇಡ.
• ದಿನಾಂಕ, ಸಮಯ, ಸೆಕೆಂಡು, ಆಸರೆ, ಆ ತಿಂಗಳು ಎಷ್ಟು ಸಲ ಬಿದ್ದದ್ದು ಇಷ್ಟನ್ನು ಬರೆಯಿರಿ.
• ಹೊಸದಾಗಿ ಕಾಲು ಸೋತರೆ, ಕಣ್ಣು ಮಂಜಾದರೆ, ಅದು 24 ಗಂಟೆ ದಾಟಿದರೆ, ಮುಂದಿನ ಅಳತೆಗೆ ಕಾಯದೆ ಆಸ್ಪತ್ರೆಗೆ ಹೋಗಿ.

ಈ ಪುಸ್ತಕವನ್ನು ಆಸ್ಪತ್ರೆಗೆ ಒಯ್ಯಿರಿ. "ಹೇಗಿದ್ದೀಯಮ್ಮಾ?" ಎಂದರೆ "ಪರವಾಗಿಲ್ಲ" ಎನ್ನುವ ಬದಲು ಅಂಕಿ ತೋರಿಸಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ನರರೋಗ ಚಿಕಿತ್ಸೆಯೂ ಪುನರ್ವಸತಿ ವಿಭಾಗವೂ ಇವೆ.

ಸರ್ಕಾರದ ಸೌಲಭ್ಯ

ಅಂಗವಿಕಲರ ಹಕ್ಕುಗಳ 2016ರ ಕಾಯ್ದೆಯಲ್ಲಿ ಹೇಳಿರುವ 21 ಬಗೆಯ ಅಂಗವಿಕಲತೆಗಳಲ್ಲಿ ಎಂ.ಎಸ್. ಕೂಡ ಒಂದು. ಅನೇಕ ಸೌಲಭ್ಯಗಳಿಗೆ ಕನಿಷ್ಠ ಶೇಕಡ 40 ಎಂದು ಪ್ರಮಾಣಪತ್ರ ಇರಬೇಕು. ಯು.ಡಿ.ಐ.ಡಿ. ಕಾರ್ಡಿಗೆ ಅರ್ಜಿ ಹಾಕಲು ಗ್ರಾಮ ಪಂಚಾಯಿತಿಯ ವಿ.ಆರ್.ಡಬ್ಲ್ಯು. ಅವರನ್ನು ಕೇಳಿ.

ಸಂಘದಲ್ಲಿ ಚರ್ಚಿಸಿ

1. ನಡೆಯಲು ಕಷ್ಟ ಅಂತ ಸಭೆಗೆ ಬರುವುದನ್ನು ಬಿಟ್ಟವರು ನಮ್ಮಲ್ಲಿ ಯಾರಿದ್ದಾರೆ? ಅವರ ಮನೆಗೆ ಹೋಗಿ ಅವರ ಗುರಿ ಏನು ಅಂತ ಕೇಳಿದ್ದೇವೆಯೇ?
2. ಅವರು ಬರುವ ದಾರಿಯಲ್ಲಿ ಕೂರಲು ಒಂದು ಕಲ್ಲುಬೆಂಚು ಹಾಕಿಸಬಹುದೇ? ಸಭೆಯನ್ನು ಬಿಸಿಲೇರುವ ಮೊದಲು, ಇಲ್ಲವೇ ಅವರ ಅಂಗಳದಲ್ಲೇ ಇಡಬಹುದೇ?
3. ಆಸ್ಪತ್ರೆ ಪ್ರಯಾಣಕ್ಕೆ ಸಂಘದಿಂದ ಕೈಸಾಲ ಕೊಡಬಹುದೇ?
4. ತಿಂಗಳಿಗೊಮ್ಮೆ ಅವರ ಜೊತೆ ಟೇಪು ಹಿಡಿದು ಅಳತೆ ಬರೆಯಲು ಯಾರು ಮುಂದೆ ಬರುತ್ತೀರಿ? ಹೆಸರನ್ನು ಇಂದೇ ನಡಾವಳಿ ಪುಸ್ತಕದಲ್ಲಿ ಬರೆಯಿರಿ.