ಮೈನೋವಿಗೆ ಸೋತು ಕೆಲಸ ಬಿಡಬೇಡಿ

ಕೊಡಗಿನ ತೋಟಗಳಲ್ಲಿ ಕಾಫಿ ಕೊಯ್ಲಿನ ಕೂಲಿ ಬಹುಮಟ್ಟಿಗೆ ಕಿಲೋ ಲೆಕ್ಕದ್ದು. ಸೊಂಟಕ್ಕೆ ಚೀಲ ಕಟ್ಟಿ, ರೆಂಬೆ ಬಾಗಿಸಿ, ದಿನವಿಡೀ ಕೈಯೆತ್ತಿ ಹಣ್ಣು ಬಿಡಿಸುವ ಹೆಣ್ಣುಮಕ್ಕಳಿಗೆ ಫೈಬ್ರೊಮಯಾಲ್ಜಿಯಾ ಬಂದರೆ ಮೊದಲು ಇಳಿಯುವುದು ಚೀಲದ ತೂಕ, ಅದರ ಹಿಂದೆಯೇ ಕೂಲಿ. ಮೈಯೆಲ್ಲ ನೋವು, ಎಷ್ಟು ಮಲಗಿದರೂ ತೀರದ ದಣಿವು. ರಕ್ತಪರೀಕ್ಷೆ, ಎಕ್ಸ್‌ರೇಯಲ್ಲಿ ಮಾತ್ರ ಏನೂ ಕಾಣುವುದಿಲ್ಲ. ಹಾಗಾಗಿ ಸೋಮಾರಿ ಎಂಬ ಹೆಸರು ಬರುತ್ತದೆ. ಇದು ಘೋರ ಅನ್ಯಾಯ.

ಬೇಸತ್ತು ಏಕಾಏಕಿ ಕೆಲಸ ಬಿಡಬೇಡಿ. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಂಥ ಕಡೆ ತೋರಿಸಿ. ಥೈರಾಯ್ಡ್, ಸಂಧಿವಾತ ಅಲ್ಲವೆಂದು ಖಚಿತಪಡಿಸಿಕೊಂಡು ವೈದ್ಯರ ಚೀಟಿ ಪಡೆಯಿರಿ. ಅದನ್ನು ಹಿಡಿದು ತೋಟದ ರೈಟರ, ಅಂದರೆ ಮೇಲ್ವಿಚಾರಕರ ಬಳಿ ಮಾತಾಡಿ. ಕೊಯ್ಲಿನ ಬದಲು ನರ್ಸರಿ ಕೆಲಸವೋ ಕಾಳು ಆರಿಸುವುದೋ ಕೇಳಿ, ನಡುನಡುವೆ ಹತ್ತು ನಿಮಿಷ ಬಿಡುವೂ ಕೇಳಿ. ಗಂಟೆಗಟ್ಟಲೆ ಕೂತೇ ಇರುವುದೂ ಒಳ್ಳೆಯದಲ್ಲ. ದಿನದಿನಕ್ಕೆ ತುಸುತುಸುವೇ ಹೆಚ್ಚಿಸುವ ನಡಿಗೆ ಈ ಕಾಯಿಲೆಗೆ ನಿಜಕ್ಕೂ ಒಗ್ಗುವ ಮದ್ದು. ಜಡಿಮಳೆಯ ದಿನಗಳಲ್ಲಿ ಜಗಲಿಯಲ್ಲೇ ನಡೆಯಿರಿ.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಈ ಕಾಯಿಲೆಯ ಹೆಸರಿಲ್ಲ. ಹಾಗಾಗಿ ಹಗುರ ಕೆಲಸ ಸಿಗುವುದು ಬಹುಪಾಲು ನಿಂತಿರುವುದು ಮಾಲೀಕರ ಮನಸ್ಸಿನ ಮೇಲೆ. ತೋಟದ ಯಜಮಾನರೇ, ನುರಿತ ಕೈಗಳನ್ನು ಹಗುರ ಕೆಲಸ ಕೊಟ್ಟಾದರೂ ಉಳಿಸಿಕೊಳ್ಳಿ.