ಊರಲ್ಲೇ ಕೂತು ಬೆಂಗಳೂರಿನ ಕೆಲಸ: ಒಪ್ಪುವ ಮುನ್ನ ಹಾಕಬೇಕಾದ ಲೆಕ್ಕ

ರಾಮನಗರದ ನೂಲು ಬಿಚ್ಚಾಣಿಕೆಯವರಿಗೂ ಚನ್ನಪಟ್ಟಣದ ಗೊಂಬೆ ಕೆಲಸದವರಿಗೂ ಮನೆಯಲ್ಲೇ ದುಡಿಯುವುದು ಹೊಸತಲ್ಲ. 2020ರ ಮಾರ್ಚ್‌ ಲಾಕ್‌ಡೌನ್‌ ನಂತರ ಅದೇ ಬೀದಿಗಳಲ್ಲಿ ಲ್ಯಾಪ್‌ಟಾಪ್‌ ಕೆಲಸವೂ ಸೇರಿಕೊಂಡಿತು. ಈಗ ಬಹಳಷ್ಟು ಕಂಪನಿಗಳು ವಾರಕ್ಕೆ ಎರಡು ಮೂರು ದಿನ ಆಫೀಸಿಗೆ ಬನ್ನಿ ಎನ್ನುತ್ತಿವೆ. ಬೆಂಗಳೂರಿನಲ್ಲಿ ರೂಮು ಮಾಡುವುದೋ, ಊರಲ್ಲೇ ಇರುವುದೋ ಎಂದು ಯೋಚಿಸುತ್ತಿರುವವರು ಈ ಕ್ರಮದಲ್ಲಿ ಹೋಗಬಹುದು.

ಮೊದಲು ಓಡಾಟದ ಲೆಕ್ಕ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ನಾಲ್ಕೂ ಊರು ಬೆಂಗಳೂರಿಗೆ ಹತ್ತಿರವೇ, ಆದರೆ ದಾರಿ ಒಂದೇ ಅಲ್ಲ. ರಾಮನಗರ, ಚನ್ನಪಟ್ಟಣದವರಿಗೆ ರೈಲಿದೆ. ಬಸ್ಸಿನಲ್ಲಿ ಹೊರಟರೆ ಚಲ್ಲಘಟ್ಟದಲ್ಲಿ ನೇರಳೆ ಮೆಟ್ರೊ ಸಿಗುತ್ತದೆ. ಅದು 2023ರ ಅಕ್ಟೋಬರ್‌ನಿಂದ ಅಲ್ಲಿಯವರೆಗೂ ಓಡುತ್ತಿದೆ. ಬೈಕಿನವರಿಗೆ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆ 2023ರ ಆಗಸ್ಟ್‌ 1ರಿಂದ ಬಂದ್‌, ಸರ್ವಿಸ್‌ ರಸ್ತೆಯೇ ಗತಿ. ಕನಕಪುರದವರಿಗೆ ರೈಲಿಲ್ಲ, ರೇಷ್ಮೆ ಸಂಸ್ಥೆಯವರೆಗೆ ಬಸ್ಸು, ಅಲ್ಲಿಂದ ಹಸಿರು ಮೆಟ್ರೊ. ಮಾಗಡಿಯವರು ರಸ್ತೆಯನ್ನೇ ನಂಬಬೇಕು. ಹಾಗಾಗಿ ‘ವಾರಕ್ಕೆ ಮೂರು ದಿನ’ ಎಂಬ ಮಾತಿಗೆ ರಾಮನಗರದಲ್ಲಿ ಒಂದು ಬೆಲೆ, ಮಾಗಡಿಯಲ್ಲಿ ಇನ್ನೊಂದು. ಊರಲ್ಲಿದ್ದರೆ ಉಳಿಯುವ ಪಿಜಿ ಬಾಡಿಗೆ, ಹೋಟೆಲ್‌ ಊಟ ಒಂದು ಕಡೆ ಬರೆಯಿರಿ. ಟಿಕೆಟ್‌, ಇಂಟರ್‌ನೆಟ್‌, ಕುರ್ಚಿ-ಮೇಜು, ಹೆಚ್ಚುವ ಕರೆಂಟ್‌ ಬಿಲ್‌ ಇನ್ನೊಂದು ಕಡೆ.

ಎರಡನೆಯದು ಕರೆಂಟು ಮತ್ತು ನೆಟ್ಟು. ಬಹಳ ಜನ ಎಡವುವುದು ಇಲ್ಲೇ. ಬೀದಿಯಲ್ಲಿ ಯಾರ ಫೈಬರ್‌ ಚೆನ್ನಾಗಿದೆ ಎಂಬುದನ್ನು ಜಾಹೀರಾತಿಗಿಂತ ಪಕ್ಕದ ಮನೆಯವರು ಚೆನ್ನಾಗಿ ಹೇಳುತ್ತಾರೆ. ವೇಗ ಪರೀಕ್ಷಿಸುವಾಗ ಡೌನ್‌ಲೋಡ್‌ ಒಂದನ್ನೇ ನೋಡಬೇಡಿ. ವಿಡಿಯೊ ಮೀಟಿಂಗಿನಲ್ಲಿ ನಿಮ್ಮ ಮುಖ, ಮಾತು ಆಚೆ ತಲುಪುವುದು ಅಪ್‌ಲೋಡ್‌ನಿಂದ. ಕರೆಂಟು ಹೋದರೆ ಲ್ಯಾಪ್‌ಟಾಪ್‌ ಬ್ಯಾಟರಿಯಲ್ಲಿ ಓಡುತ್ತದೆ, ರೌಟರ್‌ ಮಾತ್ರ ಆರಿಹೋಗುತ್ತದೆ. ಅದಕ್ಕೆಂದೇ ಪುಟ್ಟ ಯುಪಿಎಸ್‌ ಸಿಗುತ್ತದೆ; ಕೊಳ್ಳುವ ಮುಂಚೆ ರೌಟರಿನ ಅಡಾಪ್ಟರ್‌ ಮೇಲೆ ಬರೆದಿರುವ ವೋಲ್ಟ್‌, ಆಂಪಿಯರ್‌ ನೋಡಿ ಹೊಂದಿಸಿಕೊಳ್ಳಿ. ಫೈಬರ್‌ ಒಂದು ಕಂಪನಿಯದಾದರೆ ಮೊಬೈಲ್‌ ಸಿಮ್‌ ಇನ್ನೊಂದರದ್ದಿರಲಿ. ದುರಸ್ತಿಗಾಗಿ ಕರೆಂಟು ತೆಗೆಯುವ ದಿನ ಬೆಸ್ಕಾಂ ಪ್ರಕಟಣೆಯಲ್ಲಿ ಬರುತ್ತದೆ. ಆಫೀಸಿಗೆ ಹೋಗುವ ದಿನವನ್ನು ಅದಕ್ಕೇ ಹೊಂದಿಸಿಕೊಳ್ಳಿ. ದೂರಿಗೆ 1912.

ಮೂರನೆಯದು ಮನೆಯವರ ಜೊತೆ ಮಾತು. ‘ಮನೇಲೇ ಇದ್ದೀಯಲ್ಲ’ ಎಂದು ಗ್ಯಾಸಿನವನಿಗೆ ಕಾಯುವುದು, ನೆಂಟರಿಗೆ ಕಾಫಿ ಕೊಡುವುದು ಎಲ್ಲ ಒಬ್ಬರ ತಲೆಗೇ ಬೀಳುತ್ತದೆ. ಸೊಸೆಯಾದರಂತೂ ಹೇಳುವುದೇ ಬೇಡ. ಕೆಲಸದ ವೇಳೆಯನ್ನು ಬರೆದು ಎಲ್ಲರಿಗೂ ಕಾಣುವ ಕಡೆ ಅಂಟಿಸಿ. ಬೇರೆ ಕೋಣೆ ಇಲ್ಲದಿದ್ದರೆ ಗೋಡೆಗೆ ಬೆನ್ನು ಕೊಟ್ಟು ಒಂದು ಮೂಲೆಯಾದರೂ ನಿಮ್ಮದಾಗಲಿ. ಬಸ್ಸಿನಲ್ಲಿ ಕಳೆಯುತ್ತಿದ್ದ ಹೊತ್ತು ಉಳಿಯುವುದೇ ಮನೆಯಿಂದ ದುಡಿಯುವುದರ ದೊಡ್ಡ ಲಾಭ. ಅದನ್ನು ರಾತ್ರಿ ಹತ್ತರ ಮೀಟಿಂಗಿಗೆ ಕೊಟ್ಟುಬಿಟ್ಟರೆ ಊರಲ್ಲಿದ್ದೂ ಏನು ಬಂತು? ಲ್ಯಾಪ್‌ಟಾಪ್‌ ಮುಚ್ಚುವ ಹೊತ್ತನ್ನೂ ಆ ಚೀಟಿಯಲ್ಲೇ ಬರೆಯಿರಿ.

ಓದು ಮುಗಿಸಿ ಈಗಷ್ಟೇ ಕೆಲಸಕ್ಕೆ ಸೇರಿದವರಿಗೆ ನನ್ನ ಸಲಹೆ ಬೇರೆ. ಮೊದಲ ವರ್ಷ ಕಷ್ಟವಾದರೂ ಆಫೀಸಿಗೆ ಹೋಗಿ. ಹಿರಿಯರು ತೊಡಕನ್ನು ಬಿಡಿಸುವುದನ್ನು ಪಕ್ಕದಲ್ಲಿ ಕೂತು ನೋಡಿ ಕಲಿಯುವಷ್ಟನ್ನು ಯಾವ ವಿಡಿಯೊ ಕಾಲೂ ಕೊಡುವುದಿಲ್ಲ. ಬಡ್ತಿಯ ಮಾತು ಬಂದಾಗ ಕಣ್ಣೆದುರು ಇದ್ದವರೇ ಮೊದಲು ನೆನಪಾಗುತ್ತಾರೆ ಎಂಬುದನ್ನೂ ಮರೆಯಬೇಡಿ.

ಕಂಪನಿ ಬಾಯಿಮಾತಿನಲ್ಲಿ ಒಪ್ಪಿದರೆ ಸಾಲದು. ಎಷ್ಟು ದಿನ ಮನೆಯಿಂದ, ಯಾವ ವೇಳೆ, ಇಂಟರ್‌ನೆಟ್‌ ಖರ್ಚು ಯಾರದು, ಲ್ಯಾಪ್‌ಟಾಪ್‌ ಕೆಟ್ಟರೆ ಯಾರು ಹೊಣೆ, ಎಲ್ಲವೂ ಇ-ಮೇಲ್‌ನಲ್ಲಿ ಬರಲಿ. ಹೆರಿಗೆ ರಜೆ ಮುಗಿದ ಮೇಲೆ, ಕೆಲಸದ ಸ್ವರೂಪ ಹೊಂದುವುದಾದರೆ, ಕಂಪನಿ, ತಾಯಿ ಇಬ್ಬರೂ ಒಪ್ಪಿದ ಷರತ್ತಿನ ಮೇಲೆ ಮನೆಯಿಂದ ದುಡಿಯಲು ಕಾನೂನಿನಲ್ಲಿ 2017ರಿಂದಲೇ ಅವಕಾಶವಿದೆ. ತಾಯಂದಿರು ಇದನ್ನು ಧೈರ್ಯವಾಗಿ ಕೇಳಬೇಕು.

ಇನ್ನೂ ಕೆಲಸ ಹುಡುಕುತ್ತಿದ್ದರೆ ವಾಟ್ಸ್‌ಆ್ಯಪ್‌, ಟೆಲಿಗ್ರಾಂನಲ್ಲಿ ಬರುವ ‘ಮನೆಯಲ್ಲೇ ಕೂತು ದಿನಕ್ಕೆ ಸಾವಿರಾರು ರೂಪಾಯಿ’ ಎಂಬ ಸಂದೇಶಗಳ ಬಗ್ಗೆ ಎಚ್ಚರ. ವಿಡಿಯೊಗೆ ಲೈಕ್‌ ಒತ್ತಿಸಿ ಮೊದಲು ಸಣ್ಣ ಮೊತ್ತ ಕೊಟ್ಟು ನಂಬಿಸುತ್ತಾರೆ, ಆಮೇಲೆ ನಿಮ್ಮಿಂದಲೇ ದುಡ್ಡು ಹಾಕಿಸಿಕೊಳ್ಳುತ್ತಾರೆ. ನೋಂದಣಿ ಶುಲ್ಕ, ಡೆಪಾಸಿಟ್‌ ಕೇಳಿದ ಕೂಡಲೇ ಬಿಟ್ಟುಬಿಡಿ. ದುಡ್ಡು ಹೋಗಿದ್ದರೆ ನಾಚಿಕೊಂಡು ಕೂರದೆ ತಕ್ಷಣ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಆ ಹಣವನ್ನು ವಂಚಕರ ಖಾತೆಯಲ್ಲೇ ತಡೆಹಿಡಿಸುವ ಸಾಧ್ಯತೆ ಹೆಚ್ಚು.